ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಆಗುತ್ತೆ, ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಯಾಕೆ ಆಗಲ್ಲ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಗಂಗಾವತಿಯ ರೈಸ್ ಮಿಲ್ ಆಫೀಸಿನಲ್ಲಿ ಒಂದು ಉಬುಂಟು ಸರ್ವರ್ ಇದೆ, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಪ್ರೋಗ್ರಾಮ್) ಮೂಲಕ ಒಳಗೆ ಹೋಗುತ್ತೀರಿ, ಅದಕ್ಕೆ ಡೈನಾಮಿಕ್ ಡಿಎನ್‌ಎಸ್ (ವಿಳಾಸ ಬದಲಾದರೂ ಅದನ್ನು ಹಿಂಬಾಲಿಸುವ) ಹೆಸರು ಇಟ್ಟಿದ್ದೀರಿ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ತಕ್ಷಣ ಲಾಗಿನ್ ಆಗುತ್ತೆ. ಬಳ್ಳಾರಿಯ ಮನೆಯಿಂದ ಎರಡು ನಿಮಿಷ ಕಾಯಿಸಿ "ಕನೆಕ್ಷನ್ ಟೈಮ್ಡ್ ಔಟ್" ಅನ್ನುತ್ತೆ. ರಾಯಚೂರು ಬ್ರಾಂಚಿನಿಂದ ಕನೆಕ್ಟ್ ಆದ ಹಾಗೆ ಆಗಿ, ಪಾಸ್‌ವರ್ಡ್ ಕೇಳುವ ಮೊದಲೇ ನಿಂತುಬಿಡುತ್ತೆ. ರೂಟರಿನಲ್ಲಿ 22ನೇ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದ ಎಸ್‌ಎಸ್‌ಎಚ್ ಪ್ಯಾಕೆಟ್ ಸರ್ವರಿಗೆ ದಾಟಿಸುವ ವ್ಯವಸ್ಥೆ) ಮಾಡಿದ್ದಾಗಿದೆ, ಸರ್ವರಿನಲ್ಲಿ ಎಸ್‌ಎಸ್‌ಎಚ್ ತೆಗೆದು ಮತ್ತೆ ಹಾಕಿದ್ದೂ ಆಗಿದೆ.

ದಯವಿಟ್ಟು ಸರ್ವರಿನ ಎಸ್‌ಎಸ್‌ಎಚ್ ಅನ್ನು ಇನ್ನೊಮ್ಮೆ ಮುಟ್ಟಬೇಡಿ. ಮೊಬೈಲಿನಿಂದ ಅದೇ ಯೂಸರ್, ಅದೇ ಪಾಸ್‌ವರ್ಡ್ ಕೆಲಸ ಮಾಡುತ್ತಿದೆ ಅಂದರೆ ಅಲ್ಲಿ ಎಲ್ಲ ಸರಿಯಿದೆ. ತೊಂದರೆ ಇರುವುದು ದಾರಿಯಲ್ಲಿ, ಅದೂ ಎರಡು ಕಡೆ ಎರಡು ಬೇರೆ ಬೇರೆ ತೊಂದರೆ. ಒಂದು ಹೆಸರಿನ ಹಿಂದೆ ಐಪಿವಿ4 (ಹಳೆಯ ಜಾತಿಯ) ವಿಳಾಸವೂ ಐಪಿವಿ6 (ಹೊಸ ಜಾತಿಯ) ವಿಳಾಸವೂ ಇದ್ದರೆ, ಅವನ್ನು ಎರಡು ಬೇರೆ ಸರ್ವರ್ ಅಂತಲೇ ಎಣಿಸಿ ಪರೀಕ್ಷೆ ಮಾಡಬೇಕು. ತುಂಗಭದ್ರಾ ಡ್ಯಾಮ್ ಒಂದೇ ಆದರೂ ಎಡದಂಡೆ ಗೇಟು ಮುಚ್ಚಿರುವಾಗ ಬಲದಂಡೆ ಗೇಟು ಎತ್ತಿದರೆ ಸಿಂಧನೂರಿಗೆ ನೀರು ಬರುವುದಿಲ್ಲ. ನೀವು ಮಾಡಿದ ಪೋರ್ಟ್ ಫಾರ್ವರ್ಡಿಂಗ್ ಐಪಿವಿ4 ಕಡೆಯ ಗೇಟು ಮಾತ್ರ.

ಮೊದಲು ಹೆಸರು ಎಲ್ಲೆಲ್ಲಿಗೆ ಹೋಗುತ್ತಿದೆ ನೋಡಿ. ಡಿಗ್ ಕಮಾಂಡಿನಲ್ಲಿ ಒಮ್ಮೆ ಎ ರೆಕಾರ್ಡ್ (ಐಪಿವಿ4 ವಿಳಾಸ), ಒಮ್ಮೆ ಕ್ವಾಡ್-ಎ ರೆಕಾರ್ಡ್ (ಐಪಿವಿ6 ವಿಳಾಸ) ಕೇಳಿ. ಆಮೇಲೆ ಮೂರೂ ಜಾಗದಿಂದ ಎಸ್‌ಎಸ್‌ಎಚ್ ಕಮಾಂಡಿಗೆ ಮೈನಸ್ ವಿ (ವಿವರ ತೋರಿಸಲು) ಜೊತೆ ಒಮ್ಮೆ ಮೈನಸ್ 4, ಒಮ್ಮೆ ಮೈನಸ್ 6 ಸೇರಿಸಿ ಓಡಿಸಿ. ಕನೆಕ್ಟ್‌ಟೈಮ್‌ಔಟ್ 10 ಅಂತ ಕೊಟ್ಟರೆ ಪ್ರತಿ ಸಲ ಎರಡು ನಿಮಿಷ ಕಾಯುವುದು ತಪ್ಪುತ್ತೆ. ಒಟ್ಟು ಆರು ಪರೀಕ್ಷೆ, ಆರರ ಫಲಿತಾಂಶವನ್ನೂ ಬರೆದಿಟ್ಟುಕೊಳ್ಳಿ.

ಬರುವ ಎರರ್ ಪದ ಮುಖ್ಯ, ಎಲ್ಲವನ್ನೂ "ಕನೆಕ್ಟ್ ಆಗಲ್ಲ" ಅಂತ ಒಂದೇ ಬುಟ್ಟಿಗೆ ಹಾಕಬೇಡಿ. "ನೆಟ್‌ವರ್ಕ್ ಈಸ್ ಅನ್‌ರೀಚೆಬಲ್" ತಕ್ಷಣ ಬಂದರೆ ಸಾಮಾನ್ಯವಾಗಿ ನಿಮ್ಮ ಲ್ಯಾಪ್‌ಟಾಪಿಗೇ ಆ ಜಾತಿಯ ವಿಳಾಸ ಇಲ್ಲ. "ಟೈಮ್ಡ್ ಔಟ್" ಅಂದರೆ ಪ್ಯಾಕೆಟ್ ಹೋಯಿತು, ಉತ್ತರವೇ ಬರಲಿಲ್ಲ: ಫೈರ್‌ವಾಲ್ ನುಂಗಿದೆ, ಇಲ್ಲವೇ ವಿಳಾಸವೇ ನಿಮ್ಮದಲ್ಲ. "ರೆಫ್ಯೂಸ್ಡ್" ಬಂದರೆ ಯಾವುದೋ ಒಂದು ಯಂತ್ರ ಉತ್ತರ ಕೊಟ್ಟಿದೆ, ಆದರೆ ಆ ಪೋರ್ಟಿನಲ್ಲಿ ಯಾರೂ ಕೇಳುತ್ತಿಲ್ಲ. ಆಗ ಮಾತ್ರ ಸರ್ವರಿನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿರುವ ಲಿಸನ್‌ಅಡ್ರೆಸ್ ಸಾಲು ನೋಡಬೇಕು. ಅಲ್ಲಿ 0.0.0.0 ಅಂತ ಮಾತ್ರ ಬರೆದಿದ್ದರೆ ಐಪಿವಿ6 ಕಡೆ ಕಿವಿ ಮುಚ್ಚಿದೆ ಅಂತ ಅರ್ಥ. "ಪರ್ಮಿಷನ್ ಡಿನೈಡ್" ಬಂದರೆ ನೆಟ್‌ವರ್ಕ್ ಪೂರ್ತಿ ಸರಿ. ಒಂದೇ ಯೂಸರಿಗೆ ಐಪಿವಿ4ನಲ್ಲಿ ಒಪ್ಪಿ ಐಪಿವಿ6ನಲ್ಲಿ ಹೀಗೆ ಬಂದರೆ, ಅಲೌಯೂಸರ್ಸ್ (ಯಾರು ಎಲ್ಲಿಂದ ಬರಬಹುದು ಅನ್ನುವ) ಸಾಲಿನಲ್ಲೋ ಕೀ ಫೈಲಿನ ಫ್ರಮ್ ಷರತ್ತಿನಲ್ಲೋ 192.168 ಅಂತ ಐಪಿವಿ4 ವಿಳಾಸ ಮಾತ್ರ ಬರೆದಿರುತ್ತಾರೆ.

ಹಾಟ್‌ಸ್ಪಾಟ್ ಬಹುಶಃ ಐಪಿವಿ6 ಹಿಡಿದು ಹೋಗುತ್ತಿದೆ, ಅದಕ್ಕೇ ತಕ್ಷಣ ಆಗುತ್ತೆ. ಈಗ ಬಳ್ಳಾರಿ ಮನೆ. ಲ್ಯಾಪ್‌ಟಾಪಿನಲ್ಲಿ ಐಪಿ ಮೈನಸ್ 6 ಅಡ್ರ್ ಕೊಟ್ಟು ನೋಡಿ. ಎಫ್‌ಇ80 ಇಂದ ಶುರುವಾಗುವ ವಿಳಾಸ ಮಾತ್ರ ಇದ್ದು, 2 ಅಂಕಿಯಿಂದ ಶುರುವಾಗುವುದು ಒಂದೂ ಇಲ್ಲದಿದ್ದರೆ ಮನೆಗೆ ಐಪಿವಿ6 ಬಂದಿಲ್ಲ. ಎಫ್‌ಇ80 ವಿಳಾಸ ಮನೆಯೊಳಗಿನ ನೆಟ್‌ವರ್ಕಿಗಷ್ಟೇ, ಅದರಿಂದ ಹೊರಗೆ ಹೋಗಲಾಗುವುದಿಲ್ಲ. ಹಾಗಾಗಿ ಎಸ್‌ಎಸ್‌ಎಚ್ ಐಪಿವಿ4 ಹಿಡಿದು ಹೋಗುತ್ತೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಯಾಕೆಂದರೆ ನಿಮ್ಮ ಮಿಲ್ಲಿನ ಫೈಬರ್ ಕನೆಕ್ಷನ್ ಬಹುಶಃ ಕ್ಯಾರಿಯರ್ ಗ್ರೇಡ್ ನ್ಯಾಟ್ (ಕಂಪನಿ ಒಂದೇ ಹೊರಗಿನ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದೆ. ಖಚಿತ ಮಾಡಿಕೊಳ್ಳುವುದು ಸುಲಭ: ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಗಿನ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ, ಅಥವಾ 10ರಿಂದ ಶುರುವಾದರೆ, ಆ ವಿಳಾಸ ಇಂಟರ್‌ನೆಟ್‌ನಲ್ಲಿ ನಿಮ್ಮದಲ್ಲ. 100.64 ಸಾಲನ್ನು 2012ರಲ್ಲಿ ಇದೇ ಕೆಲಸಕ್ಕೆ ಮೀಸಲಿಟ್ಟಿದ್ದಾರೆ. ಬೇರೆ ಸಂಖ್ಯೆ ಕಂಡರೆ, ಐಪಿ ತೋರಿಸುವ ಯಾವುದಾದರೂ ಸೈಟಿನಲ್ಲಿ ಬರುವ ಐಪಿವಿ4 ಜೊತೆ ಹೋಲಿಸಿ. ಎರಡೂ ಒಂದೇ ಆಗಿರದಿದ್ದರೆ ನಡುವೆ ಕಂಪನಿಯ ನ್ಯಾಟ್ ಇದೆ. ಹೊರಗಿನ ವಿಳಾಸವನ್ನು ಎಷ್ಟೋ ಗಿರಾಕಿಗಳಿಗೆ ಒಟ್ಟಿಗೆ ಹಂಚಿರುತ್ತಾರೆ. ಅಲ್ಲಿಗೆ ಬಂದ 22ನೇ ಪೋರ್ಟಿನ ಪ್ಯಾಕೆಟ್ ಯಾರ ಮನೆಗೆ ಕೊಡಬೇಕು ಅಂತ ಆ ಯಂತ್ರಕ್ಕೆ ಗೊತ್ತಿಲ್ಲ. ನಿಮ್ಮ ರೂಟರಿನ ಫಾರ್ವರ್ಡಿಂಗ್ ತನಕ ಅದು ಬರುವುದೇ ಇಲ್ಲ.

ಎರಡು ನಿಮಿಷದ ಲೆಕ್ಕವೂ ಇದಕ್ಕೆ ಹೊಂದುತ್ತೆ. 6.5ಕ್ಕಿಂತ ಹಿಂದಿನ ಲಿನಕ್ಸ್ ಕರ್ನಲ್ ಮೊದಲ ಪ್ಯಾಕೆಟ್ ಕಳಿಸಿ, ಉತ್ತರ ಬರದಿದ್ದರೆ ಇನ್ನೂ ಆರು ಸಲ ಕಳಿಸುತ್ತೆ, ಪ್ರತಿ ಸಲ ಕಾಯುವ ಹೊತ್ತು ದುಪ್ಪಟ್ಟು: 1, 2, 4, 8, 16, 32, 64 ಸೆಕೆಂಡ್, ಒಟ್ಟು 127. ಬ್ರೌಸರ್‌ಗಳು ಎರಡೂ ವಿಳಾಸವನ್ನು ಹೆಚ್ಚುಕಡಿಮೆ ಒಟ್ಟಿಗೆ ಪ್ರಯತ್ನಿಸಿ ಮೊದಲು ಸಿಕ್ಕಿದ್ದನ್ನು ಹಿಡಿಯುತ್ತವೆ. ಎಸ್‌ಎಸ್‌ಎಚ್ ಹಾಗಲ್ಲ, ಒಂದು ವಿಳಾಸ ಸೋತ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುತ್ತೆ. "ವೆಬ್‌ಸೈಟ್ ಎಲ್ಲ ಚೆನ್ನಾಗಿ ತೆರೆಯುತ್ತೆ, ಎಸ್‌ಎಸ್‌ಎಚ್ ಮಾತ್ರ ನಿಧಾನ" ಅನ್ನುವ ದೂರಿನ ಮೂಲ ಎಷ್ಟೋ ಸಲ ಇದೇ.

ಪರಿಹಾರದಲ್ಲಿ ಮೊದಲನೆಯದು ಮನೆಯ ರೂಟರಿನಲ್ಲಿ ಐಪಿವಿ6 ಆನ್ ಮಾಡುವುದು. ಕಂಪನಿ ಕೊಡುತ್ತಿದ್ದರೂ ರೂಟರಿನಲ್ಲಿ ಆಫ್ ಇರುವುದು ಸಾಮಾನ್ಯ. ನಾನು ಹೇಳುವ ಮೂರರಲ್ಲಿ ಖರ್ಚಿಲ್ಲದ ದಾರಿ ಇದೊಂದೇ, ಅದಕ್ಕೇ ಮೊದಲು ಹೇಳಿದೆ. ಅದಾಗದಿದ್ದರೆ ಮಿಲ್ಲಿಗೆ ಸ್ಟ್ಯಾಟಿಕ್ (ಬದಲಾಗದ, ನಿಮ್ಮದೇ ಆದ) ಐಪಿವಿ4 ಕೊಳ್ಳಬೇಕು, ಇಲ್ಲವೇ ಎರಡೂ ಜಾತಿಯ ವಿಳಾಸ ಇರುವ ಸಣ್ಣ ವಿಪಿಎಸ್ (ಇಂಟರ್‌ನೆಟ್‌ನಲ್ಲಿರುವ ವರ್ಚುವಲ್ ಸರ್ವರ್) ಒಂದನ್ನು ಬಾಡಿಗೆಗೆ ಹಿಡಿಯಬೇಕು. ನಾನಾದರೆ ವಿಪಿಎಸ್ ಹಿಡಿಯುತ್ತೇನೆ. ಎಸ್‌ಎಸ್‌ಎಚ್‌ಗೆ ಮೈನಸ್ ದೊಡ್ಡ ಜೆ ಕೊಟ್ಟು ವಿಪಿಎಸ್ ಹೆಸರು ಬರೆದರೆ ಮನೆಯಿಂದ ಅಲ್ಲಿಗೆ ಐಪಿವಿ4ನಲ್ಲಿ, ಅಲ್ಲಿಂದ ಮಿಲ್ಲಿಗೆ ಐಪಿವಿ6ನಲ್ಲಿ ಹೋಗುತ್ತೆ. ಓಪನ್‌ಎಸ್‌ಎಸ್‌ಎಚ್ 7.3ರಿಂದ ಈ ಸೌಲಭ್ಯ ಇದೆ. ನಿಮ್ಮ ಪ್ರೈವೇಟ್ ಕೀಯನ್ನು (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಗುಟ್ಟಿನ ಫೈಲ್) ವಿಪಿಎಸ್ ಮೇಲೆ ಇಡುವ ಅಗತ್ಯವಿಲ್ಲ, ಇಡಲೂ ಬೇಡಿ.

ಯಾವ ದಾರಿ ಹಿಡಿದರೂ, ಸ್ಟ್ಯಾಟಿಕ್ ಐಪಿವಿ4 ಕೊಳ್ಳದಿದ್ದರೆ ಆ ಎ ರೆಕಾರ್ಡ್ ಅಳಿಸಿಬಿಡಿ. ನಿಮ್ಮದಲ್ಲದ ವಿಳಾಸವನ್ನು ನಿಮ್ಮ ಹೆಸರಿಗೆ ಅಂಟಿಸಿಕೊಂಡರೆ ಕಾಯುವುದಷ್ಟೇ ಲಾಭ. ಅದಿಲ್ಲದಿದ್ದರೆ ಐಪಿವಿ6 ಇಲ್ಲದ ಜಾಗದಿಂದ ತಕ್ಷಣ ಸ್ಪಷ್ಟವಾದ ಎರರ್ ಬರುತ್ತೆ.

ರಾಯಚೂರಿನದು ಬೇರೆ ಕಥೆ. ಅಲ್ಲಿ ಮೈನಸ್ 6 ಮತ್ತು ಮೈನಸ್ ವಿ ಕೊಟ್ಟಾಗ "ಕನೆಕ್ಷನ್ ಎಸ್ಟಾಬ್ಲಿಷ್ಡ್" ಬಂದು, ಕೊನೆಯ ಸಾಲು "ಎಕ್ಸ್‌ಪೆಕ್ಟಿಂಗ್ ಎಸ್‌ಎಸ್‌ಎಚ್2 ಎಂಎಸ್‌ಜಿ ಕೆಕ್ಸ್ ಇಸಿಡಿಎಚ್ ರಿಪ್ಲೈ" ಆಗಿದ್ದರೆ, ಅದು ಎಂಟಿಯು (ಲೈನಿನಲ್ಲಿ ಒಂದು ಪ್ಯಾಕೆಟ್ಟಿನ ಗಾತ್ರದ ಮಿತಿ) ತೊಂದರೆಯ ಗುರುತು. ಸಣ್ಣ ಪ್ಯಾಕೆಟ್ ದಾಟುತ್ತಿದೆ, ಕೀ ವಿನಿಮಯದ ದೊಡ್ಡ ಪ್ಯಾಕೆಟ್ ದಾಟುತ್ತಿಲ್ಲ. ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಡಯಲ್ ಆಗುವ ಪಿಪಿಪಿಒಇ ಲೈನಿನಲ್ಲಿ 1500 ಬದಲು 1492 ಬೈಟ್ ಮಾತ್ರ ಹಿಡಿಸುತ್ತೆ. ಐಪಿವಿ6ನಲ್ಲಿ ನಡುವಿನ ರೂಟರ್ ಪ್ಯಾಕೆಟ್ ತುಂಡು ಮಾಡುವುದಿಲ್ಲ, "ಪ್ಯಾಕೆಟ್ ಟೂ ಬಿಗ್" ಅಂತ ಐಸಿಎಂಪಿವಿ6 (ನೆಟ್‌ವರ್ಕ್ ತೊಂದರೆ ತಿಳಿಸುವ) ಸಂದೇಶ ವಾಪಸ್ ಕಳಿಸುತ್ತೆ. ಸುರಕ್ಷತೆ ಅಂತ ಯಾರೋ ಐಸಿಎಂಪಿ ಪೂರ್ತಿ ಬ್ಲಾಕ್ ಮಾಡಿದ್ದರೆ ಆ ಸಂದೇಶ ಸರ್ವರಿಗೆ ತಲುಪುವುದಿಲ್ಲ, ಸರ್ವರ್ ಅದೇ ಗಾತ್ರದ ಪ್ಯಾಕೆಟ್ಟನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತೆ. ಹೊಸ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದು ಇನ್ನೂ ಬೇಗ ಕಾಣುತ್ತೆ, ಯಾಕೆಂದರೆ 9.0ರಿಂದ ಡಿಫಾಲ್ಟ್ ಆದ ಕ್ವಾಂಟಮ್-ನಿರೋಧಕ ಕೀ ವಿನಿಮಯದಲ್ಲಿ ಕೀಯೊಂದೇ ಸಾವಿರ ಬೈಟ್ ದಾಟುತ್ತೆ.

ಪರೀಕ್ಷೆಗೆ ಹಾಟ್‌ಸ್ಪಾಟ್‌ನಿಂದ ಸರ್ವರಿಗೆ ಲಾಗಿನ್ ಆಗಿ ಅದರ ನೆಟ್‌ವರ್ಕ್ ಕಾರ್ಡಿನ ಎಂಟಿಯು 1400ಕ್ಕೆ ಇಳಿಸಿ: ಐಪಿ ಲಿಂಕ್ ಸೆಟ್ ಡೆವ್, ಕಾರ್ಡಿನ ಹೆಸರು, ಎಂಟಿಯು 1400. ರೀಬೂಟ್ ಆದರೆ ಇದು ತಾನೇ ಹೋಗುತ್ತೆ, ಭಯ ಬೇಡ. ಈಗ ರಾಯಚೂರಿನಿಂದ ಹೊಸದಾಗಿ ಲಾಗಿನ್ ಆಗಿ. ಪಾಸ್‌ವರ್ಡ್ ಕೇಳಿದರೆ ರೋಗ ಖಚಿತ. ಸರಿಯಾದ ಮದ್ದು ಐಸಿಎಂಪಿವಿ6 ಟೈಪ್ 2 (ಅದೇ "ಪ್ಯಾಕೆಟ್ ಟೂ ಬಿಗ್" ಸಂದೇಶ) ಅನ್ನು ಎಲ್ಲ ಫೈರ್‌ವಾಲ್‌ನಲ್ಲೂ ಬಿಡುವುದು. ಅದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಫೈಲಿನಲ್ಲಿ 1400 ಕಾಯಂ ಮಾಡಿ. ಐಪಿವಿ6ಗೆ 1280ಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ.

ಕ್ವಾಡ್-ಎ ರೆಕಾರ್ಡಿನಲ್ಲಿ ಸರ್ವರಿನ ಯಾವ ವಿಳಾಸ ಇದೆ ಅನ್ನುವುದನ್ನೂ ನೋಡಿಕೊಳ್ಳಿ. ಐಪಿ ಮೈನಸ್ 6 ಅಡ್ರ್‌ನಲ್ಲಿ "ಟೆಂಪೊರರಿ" ಅಂತ ಗುರುತಿರುವ ವಿಳಾಸ ಗೋಪ್ಯತೆಗಾಗಿ ಬದಲಾಗುತ್ತಿರುತ್ತೆ. ಡಿಎನ್‌ಎಸ್ ಅಪ್‌ಡೇಟ್ ಪ್ರೋಗ್ರಾಮ್ ಅದನ್ನೇ ದಾಖಲು ಮಾಡಿದರೆ ಇವತ್ತು ಆದ ಲಾಗಿನ್ ಮುಂದೊಂದು ದಿನ ಆಗುವುದಿಲ್ಲ. ಆ ಗುರುತಿಲ್ಲದ ವಿಳಾಸವನ್ನೇ ಕೊಡಿ.

ಒಂದು ವಿಷಯಕ್ಕೆ ನನಗೆ ನಿಜಕ್ಕೂ ಆತಂಕ ಇದೆ. ಐಪಿವಿ6ನಲ್ಲಿ ನ್ಯಾಟ್ ಅಡ್ಡ ಇಲ್ಲ, ನಿಮ್ಮ ಬಿಲ್ಲಿಂಗ್ ಇರುವ ಯಂತ್ರ ನೇರ ಇಂಟರ್‌ನೆಟ್‌ಗೆ ಮುಖ ಮಾಡಿ ನಿಂತಿದೆ, ಅದೂ ಪಾಸ್‌ವರ್ಡ್ ನಂಬಿ. ಯುಎಫ್‌ಡಬ್ಲ್ಯು (ಉಬುಂಟುವಿನ ಫೈರ್‌ವಾಲ್) ಬಳಸುತ್ತಿದ್ದರೆ ಅದರ ಡಿಫಾಲ್ಟ್ ಫೈಲಿನಲ್ಲಿ ಐಪಿವಿ6 ಸಾಲು ಯೆಸ್ ಅಂತ ಇದೆಯಾ ನೋಡಿ, ಬರೀ ಐಪಿಟೇಬಲ್ಸ್ ನಿಯಮಗಳು ಐಪಿವಿ6ಗೆ ಅನ್ವಯಿಸುವುದಿಲ್ಲ. ಕೀ ಮಾಡಿಕೊಂಡು ಪಾಸ್‌ವರ್ಡ್‌ಆಥೆಂಟಿಕೇಶನ್ ನೋ ಮಾಡಿ. ಉಬುಂಟುವಿನಲ್ಲಿ ಕಾನ್ಫಿಗ್ ಡಾಟ್ ಡಿ ಫೋಲ್ಡರಿನ ಫೈಲ್‌ಗಳನ್ನು ಮೊದಲು ಓದುತ್ತೆ, ಮೊದಲು ಸಿಕ್ಕ ಬೆಲೆಯೇ ನಿಲ್ಲುತ್ತೆ. ಹಾಗಾಗಿ ಮುಖ್ಯ ಫೈಲ್ ತಿದ್ದಿದ್ದು ಲೆಕ್ಕಕ್ಕೆ ಬರದೇ ಇರಬಹುದು. ಎಸ್‌ಎಸ್‌ಎಚ್‌ಡಿ ಮೈನಸ್ ದೊಡ್ಡ ಟಿ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವುದು ಕಾಣುತ್ತೆ. ರೀಸ್ಟಾರ್ಟ್ ಮಾಡುವಾಗ ಹಾಟ್‌ಸ್ಪಾಟ್‌ನ ಸೆಷನ್ ಮುಚ್ಚಬೇಡಿ, ಇನ್ನೊಂದು ಟರ್ಮಿನಲ್‌ನಲ್ಲಿ ಕೀಯಿಂದ ಲಾಗಿನ್ ಆದ ಮೇಲೆಯೇ ಮೊದಲನೆಯದನ್ನು ಮುಚ್ಚಿ.