ತಾರಸಿಯ ಸ್ಟ್ರಾಬೆರಿ: ಸ್ವೀಟ್ ಚಾರ್ಲಿಯೋ, ಕಮರೋಸಾವೋ?

ಮಣಿಪಾಲದ ತಾರಸಿಗೆ ಸ್ವೀಟ್ ಚಾರ್ಲಿ, ಕಮರೋಸಾ, ಆಲ್ಬಿಯಾನ್ ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನನ್ನ ಮತ ಸ್ವೀಟ್ ಚಾರ್ಲಿಗೆ.

ಸ್ಟ್ರಾಬೆರಿಗೆ ಬೇಕಾದ ತಂಪು ನಮ್ಮ ಕರಾವಳಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಷ್ಟಿಷ್ಟು ಸಿಗುತ್ತದೆ, ಅಷ್ಟೇ. ಸ್ವೀಟ್ ಚಾರ್ಲಿ ಫ್ಲೋರಿಡಾದ ತಳಿ, ಬೇಗ ಹಣ್ಣು ಬಿಡುತ್ತದೆ. ಸೆಕೆ ಏರುವ ಮೊದಲೇ ನಾಲ್ಕು ಹಣ್ಣು ಕೈಗೆ ಬರಬೇಕಲ್ವಾ? ಹಣ್ಣು ಕೊಳೆಸುವ ಆಂಥ್ರಾಕ್ನೋಸ್ ರೋಗವನ್ನೂ ಚೆನ್ನಾಗಿ ತಡೆಯುತ್ತದೆ. ಕ್ಯಾಲಿಫೋರ್ನಿಯಾದ ಕಮರೋಸಾ ಅಲ್ಲೇ ಸೋಲುವುದು. ಅದರ ಹಣ್ಣು ದೊಡ್ಡದು, ಗಟ್ಟಿ. ದೂರದ ಪೇಟೆಗೆ ಕಳಿಸುವವರಿಗೆ ಸರಿ. ತಾರಸಿಯಿಂದ ಅಡುಗೆಮನೆಗೆ ಇಳಿಸಲು ಅಷ್ಟು ಗಟ್ಟಿತನ ಯಾಕೆ?

ಆಲ್ಬಿಯಾನ್ ಹಗಲಿನ ಉದ್ದ ನೋಡದೆ ಹೂ ಬಿಡುವ ತಳಿ. ಮಾರುವವರು ‘ವರ್ಷವಿಡೀ ಹಣ್ಣು’ ಅನ್ನುವುದು ಅದಕ್ಕೇ. ಆದರೆ ಬಿಸಿ 30 ಡಿಗ್ರಿ ಆಸುಪಾಸಿಗೆ ಬಂದರೆ ಅದರ ಹೂವೂ ಕಮ್ಮಿಯಾಗುತ್ತದೆ. ನಮ್ಮಲ್ಲಿ ಹಗಲು ಅದಕ್ಕಿಂತ ತಣ್ಣಗಿರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆಗ ಬುಡವೇ ಕೊಳೆಯುವ ಭಯ!

ಮಳೆ ಪೂರ್ತಿ ನಿಂತ ಮೇಲೆ, ದೀಪಾವಳಿ ಹೊತ್ತಿಗೆ ನೆಡಿ. ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿ, ಹಳೇ ಹಟ್ಟಿಗೊಬ್ಬರ ಸೇರಿಸಿ. ಸುಣ್ಣ ಸುಮ್ನೆ ಹಾಕಬೇಡಿ, ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣೇ ಇಷ್ಟ. ಸುಳಿ ಮಣ್ಣಿನೊಳಗೆ ಹೂತುಹೋಗಬಾರದು. ಹಣ್ಣಿನಡಿಗೆ ಬೈಹುಲ್ಲು ಹಾಸಿ. ಫೆಬ್ರವರಿಯಿಂದ ಮಧ್ಯಾಹ್ನಕ್ಕೆ ನೆರಳು ಬಲೆ ಬೇಕು.

ಮತ್ತೆ, ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ತರಿಸಬೇಡಿ. ಬೀಜದಿಂದ ಅದೇ ತಳಿ ಬರುವುದಿಲ್ಲ. ಬಳ್ಳಿಯಿಂದ ಬೇರು ಬಿಟ್ಟ ಸಸಿಯನ್ನೇ ಕೇಳಿ ತನ್ನಿ.