ಕಥಾ ಕಮ್ಮಟ: ಮಂಗಳಕ್ಕೆ 42 ಗಂಟೆ

ರೂಪ ಬದಲಿಸುವ ಅನ್ಯಗ್ರಹ ಜೀವಿಗಳು ನಾಯಕನ ಗೆಳತಿಯನ್ನು ಹೊತ್ತು ಮಂಗಳಕ್ಕೆ ಒಯ್ದಿವೆ. ನಾಯಕ ಬೆನ್ನಟ್ಟಬೇಕು. ವಿಜ್ಞಾನ ಕಥೆ ಬರೆಯುವವರಿಗೆ ಕಳೆದ ತಿಂಗಳು ಕೊಟ್ಟ ಎಳೆ ಇಷ್ಟೇ. ಬರೆಯಲು ಕೂತವರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಶಿವಮೊಗ್ಗದಿಂದ: ನನ್ನ ನಾಯಕ 12 ಗಂಟೆಯಲ್ಲಿ ಮಂಗಳ ತಲುಪುತ್ತಾನೆ. ಓದಿದ ಗೆಳೆಯರು ‘ಇದು ಆಗದ ಮಾತು’ ಅನ್ನುತ್ತಾರೆ. ನಿಜಕ್ಕೂ ಎಷ್ಟು ಹೊತ್ತು ಬೇಕು?

ಗೆಳೆಯರು ಹೇಳಿದ್ದು ಸರಿ. ಮಂಗಳ ಒಂದೇ ಕಡೆ ನಿಂತಿರುವ ಊರಲ್ಲ. ಭೂಮಿಗೆ ತೀರ ಹತ್ತಿರ ಬಂದಾಗ ಸುಮಾರು 5.6 ಕೋಟಿ ಕಿಲೋಮೀಟರ್, ಸೂರ್ಯನ ಆಚೆ ಬದಿಗೆ ಹೋದಾಗ 40 ಕೋಟಿ. ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬರುತ್ತದೆ, ಆಗಲೂ ಪ್ರತಿ ಸಲ ಇಷ್ಟು ಹತ್ತಿರ ಇರುವುದಿಲ್ಲ. ಆದ್ದರಿಂದ ಮೊದಲು ಕಥೆ ನಡೆಯುವ ದಿನ ಗೊತ್ತುಮಾಡಿಕೊಳ್ಳಿ.

ನಮ್ಮ ಮಂಗಳಯಾನ 2013ರ ಡಿಸೆಂಬರ್ 1ರಂದು ಭೂಮಿಯ ಕಕ್ಷೆ ಬಿಟ್ಟು, 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಹತ್ತಿರ ಹತ್ತಿರ 300 ದಿನ. ಅಷ್ಟು ದಿನವೂ ಅದು ದೊಡ್ಡ ಎಂಜಿನ್ ಆರಿಸಿಕೊಂಡು, ಎಸೆದ ಕಲ್ಲಿನ ಹಾಗೆ ತೇಲಿಕೊಂಡೇ ಹೋಯಿತು. ನಿಮ್ಮ ನಾಯಕನಿಗೆ ಅಷ್ಟು ಪುರಸೊತ್ತಿಲ್ಲ. ಹಾಗಾಗಿ ಒಂದೇ ಒಂದು ಸುಳ್ಳು ಹೇಳಲು ನಿಮಗೆ ಅನುಮತಿ ಇದೆ: ಕೊನೆಯವರೆಗೂ ಉರಿಯುವ ಎಂಜಿನ್. ಅರ್ಧ ದಾರಿ ವೇಗ ಹೆಚ್ಚಿಸಬೇಕು, ನಡುದಾರಿಯಲ್ಲಿ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ, ಉಳಿದರ್ಧ ದಾರಿ ವೇಗ ತಗ್ಗಿಸಬೇಕು. ಲೆಕ್ಕ ಸುಲಭ. ದೂರವನ್ನು ಮೀಟರಿನಲ್ಲಿ ಬರೆದು ವೇಗೋತ್ಕರ್ಷದಿಂದ, ಅಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಮೀಟರ್ ಏರುತ್ತದೋ ಅದರಿಂದ, ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಉತ್ತರ ಸೆಕೆಂಡಿನಲ್ಲಿ ಸಿಗುತ್ತದೆ. ನಾಯಕನಿಗೆ ನೌಕೆಯೊಳಗೆ ತನ್ನ ಸಹಜ ತೂಕವೇ ಇರಬೇಕೆಂದರೆ ವೇಗೋತ್ಕರ್ಷ 9.8. ಆಗ 5.6 ಕೋಟಿ ಕಿಲೋಮೀಟರಿಗೆ 42 ಗಂಟೆ ಬೇಕು, ನಡುದಾರಿಯ ವೇಗ ಸೆಕೆಂಡಿಗೆ 740 ಕಿಲೋಮೀಟರ್.

ಅವಸರದ ಬೆಲೆ ಕಾಣುವುದು ಇಲ್ಲೇ. ಎಂಜಿನ್ನಿನ ನೂಕುಬಲ ಇಮ್ಮಡಿಸಿದರೆ ಸಮಯ ಅರ್ಧವಾಗುವುದಿಲ್ಲ, 30 ಗಂಟೆಗೆ ಇಳಿಯುತ್ತದೆ ಅಷ್ಟೆ. ಸಮಯ ಅರ್ಧಕ್ಕಿಳಿಯಬೇಕಾದರೆ ನೂಕುಬಲ ನಾಲ್ಕು ಪಟ್ಟಾಗಬೇಕು. ನಿಮ್ಮ 12 ಗಂಟೆಗೆ ಬೇಕಾಗುವುದು 12 ಪಟ್ಟು: 70 ಕಿಲೋದ ನಾಯಕ 840 ಕಿಲೋ ತೂಗುತ್ತ ಅರ್ಧ ದಿನ ಮಲಗಿರಬೇಕು. ಬದುಕುವುದಿಲ್ಲ. ಎರಡು ಪಟ್ಟು ತೂಕವನ್ನು ಮಲಗಿಕೊಂಡು ತಡೆದುಕೊಳ್ಳಬಹುದು. ಎದ್ದು ನಿಂತರೆ ಮಾತ್ರ ರಕ್ತ ಕಾಲಿಗಿಳಿದು ತಲೆ ಸುತ್ತುತ್ತದೆ.

ಇನ್ನು ‘ರಾಕೆಟ್ ಇಂಧನ ತುಂಬಿಸಿಕೊಂಡು ಹೊರಟ’ ಎಂದು ಬರೆಯಲೇಬೇಡಿ. ರಾಸಾಯನಿಕ ಇಂಧನದ ಹೊಗೆ ಸೆಕೆಂಡಿಗೆ ಹೆಚ್ಚೆಂದರೆ 4.5 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಅದನ್ನು ನಂಬಿ ಈ 42 ಗಂಟೆಯ ಪಯಣ ಮಾಡಬೇಕೆಂದರೆ, 1 ಕಿಲೋ ನೌಕೆಗೆ 1ರ ಮುಂದೆ 140ಕ್ಕೂ ಹೆಚ್ಚು ಸೊನ್ನೆ ಹಾಕಿದಷ್ಟು ಕಿಲೋ ಇಂಧನ ಬೇಕು. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಎಣಿಕೆಯೇ 80 ಸೊನ್ನೆಗಳ ಆಸುಪಾಸಿನದು.

ನೌಕೆ ತಿರುಗಿಸುವ ಗಳಿಗೆಯನ್ನು ಬಿಟ್ಟುಕೊಡಬೇಡಿ, ಇಡೀ ಪಯಣದಲ್ಲಿ ಅತ್ಯುತ್ತಮ ದೃಶ್ಯ ಅದೇ. ಎಂಜಿನ್ ನಿಂತ ಕೂಡಲೇ ತೂಕ ಮಾಯ. ಕಟ್ಟಿಡದ ಲೋಟ, ಪೆನ್ನು, ಚಪ್ಪಲಿ ಮೇಲೆದ್ದು ತೇಲುತ್ತವೆ, ಚೆಲ್ಲಿದ ನೀರು ಉಂಡೆಯಾಗಿ ನಿಲ್ಲುತ್ತದೆ. ಎಂಜಿನ್ ಮತ್ತೆ ಹೊತ್ತಿದಾಗ ತೇಲಿದ್ದೆಲ್ಲ ಒಮ್ಮೆಗೇ ನೆಲಕ್ಕೆ ಬೀಳುತ್ತದೆ. ನಾಯಕ ಕಟ್ಟಿಡಲು ಮರೆತ ಒಂದು ಸ್ಪ್ಯಾನರ್ ಸಾಕು, ಗಾಯಕ್ಕೆ.

ಹುಬ್ಬಳ್ಳಿಯಿಂದ: ಅಪಹರಣಕಾರರಿಗೆ ಗೊತ್ತಾಗದಂತೆ ಹಿಂಬಾಲಿಸಬಹುದೇ?

ಇಲ್ಲ. ವೇಗ ತಗ್ಗಿಸುವಾಗ ಎಂಜಿನ್ನಿನ ಬೆಂಕಿ ಮಂಗಳದ ಕಡೆಗೇ ಮುಖ ಮಾಡಿರುತ್ತದೆ. ಕಪ್ಪು ಆಕಾಶದಲ್ಲಿ 21 ಗಂಟೆ ಹೊತ್ತಿ ಉರಿಯುವ ದೀಪ ಅದು. ಮರೆಗೆ ಸಿಗುವುದು ಕೊನೆಯ ಕೆಲವು ನಿಮಿಷ ಮಾತ್ರ, ಗ್ರಹದ ಹಿಂಬದಿಯಲ್ಲಿ. ಮಂಗಳಯಾನಕ್ಕೆ ಆದದ್ದು ಹಾಗೆಯೇ. ಕಕ್ಷೆ ಸೇರಲು ಅದರ ಎಂಜಿನ್ ಸುಮಾರು 24 ನಿಮಿಷ ಉರಿದು ಸೆಕೆಂಡಿಗೆ 1,100 ಮೀಟರಿನಷ್ಟು ವೇಗ ತಗ್ಗಿಸಿತು. ನಡುವೆ ನೌಕೆ ಮಂಗಳದ ಹಿಂದೆ ಸರಿದು ಸಂಕೇತ ಕಡಿದುಹೋಯಿತು. ಅಂದು ದೂರ 22 ಕೋಟಿ ಕಿಲೋಮೀಟರಿಗೂ ಹೆಚ್ಚು, ಒಂದು ಆಜ್ಞೆ ತಲುಪಲು 12 ನಿಮಿಷಕ್ಕೂ ಮಿಗಿಲಾಗಿ ಬೇಕು. ಆದ್ದರಿಂದ ಆಜ್ಞೆಗಳನ್ನೆಲ್ಲ ಮೊದಲೇ ತುಂಬಿಟ್ಟಿದ್ದರು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಕೂತವರಿಗೆ ಆ ಹೊತ್ತಿನಲ್ಲಿ ಉಳಿದಿದ್ದ ಕೆಲಸ ಕಾಯುವುದೊಂದೇ. ನಿಮ್ಮ ಕಥೆಯಲ್ಲಿ ಭೂಮಿಯಿಂದ ನಾಯಕನಿಗೆ ದಾರಿ ತೋರಿಸುವವರಿದ್ದರೆ ಈ ಕಾಯುವಿಕೆಯನ್ನು ಬರೆಯಿರಿ. ಅವರು ಆಗಿಂದಾಗ್ಗೆ ‘ಎಡಕ್ಕೆ ತಿರುಗು!’ ಎಂದು ಕೂಗುವಂತಿಲ್ಲ.

ಬೀದರಿನಿಂದ: ‘ಹೊತ್ತು ಮೀರುತ್ತಿದೆ’ ಎಂದು ಎಷ್ಟು ಸಲ ಬರೆದರೂ ಓದುವವರಿಗೆ ತಳಮಳ ಹುಟ್ಟುತ್ತಿಲ್ಲ. ಏನು ಮಾಡಲಿ?

ಗಡುವಿಗೆ ಒಂದು ಅಂಕಿ ಬೇಕು, ಆ ಅಂಕಿ ಪಯಣದ ಅಂಕಿಗೆ ಡಿಕ್ಕಿ ಹೊಡೆಯಬೇಕು. ಅಶೋಕವನದಲ್ಲಿ ರಾವಣ ಸೀತೆಗೆ ಹೇಳುವುದು ‘ಬೇಗ ಒಪ್ಪಿಕೋ’ ಎಂದಷ್ಟೇ ಅಲ್ಲ. ಕೊಟ್ಟ ಗಡುವಿನಲ್ಲಿ ಇನ್ನು ಎರಡು ತಿಂಗಳು ಉಳಿದಿದೆ ಎನ್ನುತ್ತಾನೆ. ಹನುಮಂತ ಮರೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದಿನ ಪ್ರತಿ ದಿನಕ್ಕೂ ತೂಕ ಬರುತ್ತದೆ.

ನಿಮ್ಮ ಕಥೆಗೆ ಗಾಳಿಯ ಗಡುವು ಹೊಂದುತ್ತದೆ. ಗೆಳತಿಯನ್ನು 10 ಘನಮೀಟರಿನ ಮುಚ್ಚಿದ ಕೋಣೆಯಲ್ಲಿಟ್ಟಿದ್ದಾರೆ ಎಂದುಕೊಳ್ಳಿ, ಅಂದರೆ ಒಂದು ಸಣ್ಣ ಉಗ್ರಾಣದಷ್ಟು. ಸುಮ್ಮನೆ ಕೂತ ಮನುಷ್ಯರು ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಹೆಚ್ಚಿನವರು ಆಮ್ಲಜನಕ ತೀರಿ ಸಾಯುತ್ತಾರೆ ಎಂದು ಬರೆಯುತ್ತಾರೆ, ಆದರೆ ಮೊದಲು ಕಾಡುವುದು ಈ ಅನಿಲ. 20 ಗಂಟೆಗೆ ಅದು ಶೇಕಡ 3 ಆಗುತ್ತದೆ: ತಲೆನೋವು, ಏದುಸಿರು. 30 ಗಂಟೆಗೆ ಶೇಕಡ 4.5. 42 ಗಂಟೆಗೆ ಶೇಕಡ 6 ದಾಟಿ ಮಂಪರು, ಮಾತು ತೊದಲು, ಯಾವ ಗಳಿಗೆಯಲ್ಲಾದರೂ ಪ್ರಜ್ಞೆ ತಪ್ಪಬಹುದು. ಈಗ ಮೇಲಿನ ಲೆಕ್ಕದ ಪಕ್ಕ ಇದನ್ನಿಡಿ. ಸಹಜ ತೂಕದಲ್ಲಿ ಹೊರಟರೆ ನಾಯಕ ಗಟ್ಟಿಮುಟ್ಟಾಗಿ ಇಳಿಯುತ್ತಾನೆ, ಆದರೆ ಆಕೆ ತನ್ನ ಕಾಲಮೇಲೆ ನಡೆದು ಬರಲಾರಳು. ಎರಡು ಪಟ್ಟು ತೂಕದಲ್ಲಿ ಹೊರಟರೆ ಆಕೆ ನಡೆಯಬಲ್ಲಳು, 30 ಗಂಟೆ ಜಜ್ಜಿಸಿಕೊಂಡ ಇವನ ಕೈಕಾಲು ಮಾತು ಕೇಳುವುದಿಲ್ಲ. ಕಥೆ ಇರುವುದು ಈ ಆಯ್ಕೆಯಲ್ಲಿ.

ಗೆಳತಿಯನ್ನು ಸುಮ್ಮನೆ ಕೂರಿಸಬೇಡಿ. ಎಲೆಅಡಿಕೆಗೆ ಹಚ್ಚುವ ಸುಣ್ಣ ಈ ಅನಿಲವನ್ನು ಹೀರುತ್ತದೆ. 74 ಗ್ರಾಂ ಅರಳಿದ ಸುಣ್ಣ 44 ಗ್ರಾಂ ಅನಿಲ ಹಿಡಿಯುತ್ತದೆ. ಒಬ್ಬರ ಉಸಿರಿಗೆ ಗಂಟೆಗೆ ಸುಮಾರು 45 ಗ್ರಾಂ ಸುಣ್ಣ, 42 ಗಂಟೆಗೆ ಹತ್ತಿರ ಹತ್ತಿರ 2 ಕಿಲೋ ಒಣ ಪುಡಿಯ ಲೆಕ್ಕ. ರಾಶಿ ಹಾಕಿದರೆ ಮೇಲ್ಪದರ ಗಟ್ಟಿಯಾಗಿ ಒಳಗಿನದು ಕೆಲಸಕ್ಕೆ ಬರುವುದಿಲ್ಲ. ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ತುಸು ತೇವ ಮಾಡಿ, ಆಗಾಗ ಕೈಯಾಡಿಸಬೇಕು, ಬೆರಳು ಸುಟ್ಟು ಬಿರಿಯುತ್ತವೆ. 1970ರ ಏಪ್ರಿಲಿನಲ್ಲಿ ಅಪೊಲೊ 13 ನೌಕೆಯ ಮೂವರು ಗಗನಯಾತ್ರಿಗಳು ಬದುಕಿದ್ದು ಇಂಥದೇ ಉಪಾಯದಿಂದ. ಇದೇ ಅನಿಲ ಹೀರುವ ಲಿಥಿಯಂ ಹೈಡ್ರಾಕ್ಸೈಡಿನ ಚೌಕ ಡಬ್ಬಿಯನ್ನು ದುಂಡು ಕಿಂಡಿಗೆ ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿಯಿಂದ ಜೋಡಿಸಿಕೊಂಡಿದ್ದರು.

ಉಡುಪಿಯಿಂದ: ನನ್ನ ಅನ್ಯಗ್ರಹ ಜೀವಿ ಮನುಷ್ಯನಾಗಿದ್ದು, ಮಗುವಾಗಿ, ಕೊನೆಗೆ ಗುಬ್ಬಿಯಾಗಿ ಹಾರಿಹೋಗುತ್ತದೆ. ವಿಜ್ಞಾನ ಒಪ್ಪುತ್ತದೆಯೇ?

ಆಕಾರ ಬದಲಾಗಬಹುದು, ದ್ರವ್ಯರಾಶಿ ಎಲ್ಲಿಗೆ ಹೋಗುತ್ತದೆ? 72 ಕಿಲೋದ ಜೀವಿ ಅರ್ಧ ಎತ್ತರಕ್ಕೆ ಕುಗ್ಗಿದರೆ ಗಾತ್ರ ಎಂಟನೇ ಒಂದಾಗುತ್ತದೆ, ತೂಕ 9 ಕಿಲೋ ಇರಬೇಕಿತ್ತು. ಮಕ್ಕಳು ಗುಂಡಗಿರುವುದರಿಂದ 11–12 ಎನ್ನೋಣ. ಆದರೆ ಅದು ಈಗಲೂ 72 ಕಿಲೋ. ಅಂಗಾಲಿನ ವಿಸ್ತೀರ್ಣ ಕಾಲುಭಾಗವಾದ್ದರಿಂದ ನೆಲದ ಮೇಲಿನ ಒತ್ತಡ ನಾಲ್ಕು ಪಟ್ಟು. ತೊಟ್ಟಿಲ ಹಗ್ಗ ಹರಿಯುತ್ತದೆ. ಮಲ್ಪೆಯ ಮರಳಿನಲ್ಲಿ ಪುಟ್ಟ ಹೆಜ್ಜೆಗಳು ದೊಡ್ಡವರ ಹೆಜ್ಜೆಗಿಂತ ಆಳ ಇಳಿದಿರುತ್ತವೆ. ನಾಯಕ ಬಗ್ಗಿ ಆ ಹೆಜ್ಜೆಗೆ ಬೆರಳಿಟ್ಟು ನೋಡಲಿ.

‘ಉಳಿದ ದ್ರವ್ಯ ಶಕ್ತಿಯಾಯಿತು’ ಎಂದು ತಪ್ಪಿಸಿಕೊಳ್ಳಬೇಡಿ. 1 ಕಿಲೋ ದ್ರವ್ಯ ಪೂರ್ತಿ ಶಕ್ತಿಯಾದರೆ ಹಿರೋಷಿಮಾ ಬಾಂಬಿನ ಸುಮಾರು 1,400 ಪಟ್ಟು. ಗುಬ್ಬಿಯ ತೂಕ ಸುಮಾರು 30 ಗ್ರಾಂ ಅಷ್ಟೆ. ಅದು ಗುಬ್ಬಿಯಾಗಲೇಬೇಕೆಂದರೆ ಮಿಕ್ಕ ಮೈಯನ್ನು ಎಲ್ಲೋ ಮುದ್ದೆಮಾಡಿ ಬಚ್ಚಿಟ್ಟು ಹೋಗಲಿ. ಹಿಂತಿರುಗಲೇಬೇಕಾದ ಆ ಮುದ್ದೆ ನಾಯಕನ ಕೈಗೆ ಸಿಕ್ಕರೆ ಅವನಿಗೂ ಒತ್ತೆಯಾಳು ಸಿಕ್ಕಂತೆ.

ಮೈಸೂರಿನಿಂದ: ರೂಪ ಬದಲಾಗಲು ಎಷ್ಟು ಹೊತ್ತು ತೋರಿಸಬೇಕು?

ಎಲ್ಲ ಪದರಕ್ಕೂ ಒಂದೇ ವೇಗ ಕೊಡಬೇಡಿ. ಆಕ್ಟೋಪಸ್ ಮತ್ತು ಅದರ ಬಳಗದ ಕಡಲಜೀವಿ ಕಟ್ಲ್‌ಫಿಶ್ ಚರ್ಮದ ಬಣ್ಣವನ್ನು ಸೆಕೆಂಡಿನೊಳಗೆ ಬದಲಿಸುತ್ತವೆ, ಏಕೆಂದರೆ ಬಣ್ಣದ ಚೀಲಗಳನ್ನು ಎಳೆದು ಅಗಲಿಸುವ ಸ್ನಾಯುಗಳು ನೇರವಾಗಿ ನರಕ್ಕೆ ಜೋಡಿಸಿಕೊಂಡಿವೆ. ಚರ್ಮವನ್ನು ಮುಳ್ಳುಮುಳ್ಳಾಗಿ ಎಬ್ಬಿಸಬಲ್ಲವು ಕೂಡ. ಆದರೆ ಅವಕ್ಕೆ ಎಲುಬಿಲ್ಲ, ಇದ್ದವರಿಗೆ ಕಷ್ಟ. ಮನುಷ್ಯರ ಎಲುಬನ್ನು ಉದ್ದಮಾಡುವ ಚಿಕಿತ್ಸೆಯಲ್ಲಿ ದಿನಕ್ಕೆ 1 ಮಿಲಿಮೀಟರ್ ಎಳೆಯುತ್ತಾರೆ, 10 ಸೆಂಟಿಮೀಟರಿಗೆ 100 ದಿನ. ಹಾಗಾಗಿ ಬಣ್ಣ ಕ್ಷಣದಲ್ಲಿ, ಮುಖ ನಿಮಿಷಗಳಲ್ಲಿ, ಎತ್ತರ ಎಲ್ಲಕ್ಕಿಂತ ನಿಧಾನವಾಗಿ ಬದಲಾಗಲಿ.

ಬಿಸಿಯನ್ನೂ ಮರೆಯಬೇಡಿ. ಬದಲಾಗಲು 300 ಕಿಲೋಕ್ಯಾಲೊರಿ ಖರ್ಚಾಯಿತು ಅಂದುಕೊಳ್ಳಿ, ಒಂದು ಸಾಧಾರಣ ತಿಂಡಿಯಷ್ಟು. ಅದು ಒಮ್ಮೆಗೇ ಬಿಸಿಯಾಗಿ ಮೈಯಲ್ಲೇ ಉಳಿದರೆ 70 ಕಿಲೋ ದೇಹದ ತಾಪ ಸುಮಾರು 5 ಡಿಗ್ರಿ ಏರಿ, ಮನುಷ್ಯರಾದರೆ 42 ಡಿಗ್ರಿ ಜ್ವರ. ಬೆವರಿ ಕಳೆಯಬೇಕೆಂದರೆ ಅರ್ಧ ಲೀಟರ್ ನೀರು ಆವಿಯಾಗಬೇಕು. ಅಂದಮೇಲೆ ಜೀವಿ ರೂಪ ಬದಲಿಸಲು ಬಾವಿಕಟ್ಟೆ, ಕೆರೆ, ಬಚ್ಚಲುಮನೆ ಹುಡುಕುತ್ತದೆ, ಬದಲಿಸಿದ ಮೇಲೆ ಗಟಗಟ ನೀರು ಕುಡಿಯುತ್ತದೆ. ‘ಕಣ್ಣು ಕೆಂಪಗೆ ಹೊಳೆಯಿತು’ ಎಂಬ ಹಳಸಿದ ಸುಳಿವಿಗಿಂತ, ಬಂದವಳು ಮಾತಾಡುವ ಮೊದಲೇ ತಂಬಿಗೆ ನೀರು ಖಾಲಿಮಾಡಿದಳು ಎಂಬುದು ಎಷ್ಟೋ ಮೇಲು.

ಅಂದಹಾಗೆ, ಇವುಗಳಿಗೆ ಹೊಸ ಹೆಸರು ಹುಡುಕುತ್ತಿರುವವರಿಗೆ: ‘ಕಾಮರೂಪಿ’ ಎಂಬ ಪದ ನಮ್ಮಲ್ಲಿ ಮೊದಲಿಂದಲೂ ಇದೆ. ಬಯಸಿದ ರೂಪ ತಾಳುವವನು ಎಂದೇ ಅದರ ಅರ್ಥ.

ತುಮಕೂರಿನಿಂದ: ಆಕೆಯ ರೂಪ ಸಿಕ್ಕಿದ ಮೇಲೂ ಆಕೆಯನ್ನು ಜೀವಂತ ಏಕೆ ಇಟ್ಟಿರುತ್ತಾರೆ?

ಕಾರಣವನ್ನು ರೂಪಾಂತರದ ನಿಯಮದಲ್ಲೇ ಇಡಿ. ಬಿಬಿಸಿಯ ಡಾಕ್ಟರ್ ಹೂ ಧಾರಾವಾಹಿಯಲ್ಲಿ 1975ರಲ್ಲಿ ಬಂದ ಜೈಗನ್‌ಗಳು ಮೂಲ ವ್ಯಕ್ತಿಯನ್ನು ಬದುಕಿಸಿಟ್ಟರೆ ಮಾತ್ರ ನಕಲು ಉಳಿಸಿಕೊಳ್ಳಬಲ್ಲವು. ಆ ಒಂದು ನಿಯಮದಿಂದ ಅಪಹರಣಕ್ಕೂ ಅರ್ಥ ಬಂತು, ಬಿಡುಗಡೆಯೇ ಆಯುಧವೂ ಆಯಿತು. ಅದನ್ನೇ ನಕಲು ಮಾಡದೆ ನಿಮ್ಮದೇ ನಿಯಮ ಕಟ್ಟಿ.

ಕಲಬುರಗಿಯಿಂದ: ಕೊನೆಯಲ್ಲಿ ಇಬ್ಬರು ಗೆಳತಿಯರು ಎದುರು ನಿಲ್ಲುತ್ತಾರೆ. ನಿಜವಾದವಳನ್ನು ಗುರುತಿಸುವುದು ಹೇಗೆ? ಡಿಎನ್ಎ ಪರೀಕ್ಷೆ ಸಾಕೇ?

ಡಿಎನ್ಎಗೆ ವೇಗದ ಯಂತ್ರದಲ್ಲೂ ಒಂದೂವರೆ ಗಂಟೆ ಹಿಡಿಯುತ್ತದೆ, ಬಂದೂಕು ಹಿಡಿದು ಅಷ್ಟು ಹೊತ್ತು ನಿಲ್ಲುವುದು ಚೆನ್ನಾಗಿರುವುದಿಲ್ಲ. ಸುಂದರಕಾಂಡವನ್ನು ಈ ದೃಷ್ಟಿಯಿಂದ ಓದಿ. ಸನ್ಯಾಸಿಯ ವೇಷಕ್ಕೆ ಮೋಸಹೋದ ಸೀತೆ, ಹನುಮಂತನೂ ರಾವಣನೇ ಇರಬೇಕೆಂದು ಶಂಕಿಸುತ್ತಾಳೆ. ಮೊದಲು ರಾಮಲಕ್ಷ್ಮಣರ ಮೈಗುರುತು ಹೇಳಿಸುತ್ತಾಳೆ, ಉಂಗುರ ಬರುವುದು ಆಮೇಲೆ. ಹಿಂತಿರುಗಿ ಕಳಿಸುವಾಗ ಚೂಡಾಮಣಿಯ ಜೊತೆ, ತನಗೂ ರಾಮನಿಗೂ ಮಾತ್ರ ಗೊತ್ತಿದ್ದ ಕಾಗೆಯ ಪ್ರಸಂಗವನ್ನೂ ಹೇಳಿಕಳಿಸುತ್ತಾಳೆ. ವಸ್ತುವನ್ನು ಕದಿಯಬಹುದು, ಗುಟ್ಟನ್ನು ಹಿಂಸಿಸಿ ಬಾಯಿಬಿಡಿಸಬಹುದು, ಆದ್ದರಿಂದ ಎರಡೂ ಕೂಡಬೇಕು. ಒಮ್ಮೆ ಬಳಸಿದ ಗುಟ್ಟನ್ನು ಮತ್ತೆ ಕೇಳಬಾರದು.

ದಾರಿಯಲ್ಲೇ ಒಂದು ಪರೀಕ್ಷೆ ಮಾಡಿಸಬಹುದು. ನಡುದಾರಿಯಿಂದ ಮಂಗಳಕ್ಕೆ 2.8 ಕೋಟಿ ಕಿಲೋಮೀಟರ್, ರೇಡಿಯೊ ಮಾತು ಹೋಗಿ ಬರಲು 3 ನಿಮಿಷ 7 ಸೆಕೆಂಡ್. ನಾಯಕ ಪ್ರಶ್ನೆ ಕೇಳಿ ಗಡಿಯಾರ ನೋಡುತ್ತಾನೆ. 40 ಸೆಕೆಂಡಿಗೇ ಆಕೆಯ ದನಿ ‘ಬೇಗ ಬಾ’ ಅನ್ನುತ್ತದೆ. ಹಾಗಿದ್ದರೆ ಮಾತಾಡುತ್ತಿರುವವರು 60 ಲಕ್ಷ ಕಿಲೋಮೀಟರ್ ಒಳಗೇ ಎಲ್ಲೋ ಇದ್ದಾರೆ, ಮಂಗಳದಲ್ಲಲ್ಲ. ದನಿಯನ್ನು ನಕಲು ಮಾಡಬಹುದು, ಬೆಳಕಿನ ವೇಗವನ್ನು ಮೀರಲಾಗದು. ಉತ್ತರ ತಡವಾದರೆ ಏನೂ ಸಾಬೀತಾಗುವುದಿಲ್ಲ, ಬೇಗ ಬಂದರೆ ಮಾತ್ರ ಸುಳ್ಳು ಖಚಿತ.

ಎದುರುಬದುರು ನಿಂತಾಗ ಭಾಷೆಯನ್ನೇ ಬಳಸಿ. ಪುಸ್ತಕ, ಪ್ರಸಾರ ಕೇಳಿ ಕಲಿತ ಕಾಮರೂಪಿಗೆ ‘ಬರುತ್ತೇನೆ’ ಗೊತ್ತಿರುತ್ತದೆ. ಆದರೆ ಮೈಸೂರಿನವಳು ‘ಬರ್ತೀನಿ’ ಎನ್ನುತ್ತಾಳೆ, ಮಂಗಳೂರಿನವಳು ‘ಬರ್ತೇನೆ’, ಧಾರವಾಡದವಳು ‘ಬರ್ತೀನ್ರಿ’, ಕುಂದಾಪುರದವಳು ‘ಬತ್ತೆ’. ನಿಮ್ಮ ನಾಯಕಿ ಯಾವ ಊರಿನವಳೆಂದು ಮೊದಲ ಪುಟದಲ್ಲೇ ಆಕೆಯ ಮಾತಿನಿಂದ ಕಿವಿಗೆ ಹಾಕಿರಿ. ಆಮೇಲೆ ನಾಯಕ ಇಬ್ಬರಿಗೂ ‘ನೀವು ಹೊರಡಿ’ ಎಂದಷ್ಟೇ ಹೇಳಲಿ. ಒಬ್ಬಳು ‘ಸರಿ, ಹೋಗ್ತೀನಿ’ ಎನ್ನುತ್ತಾಳೆ. ಇನ್ನೊಬ್ಬಳು, ನಿಲ್ಲಲೂ ತ್ರಾಣವಿಲ್ಲದೆ ಗೋಡೆಗೆ ಒರಗಿದವಳು, ಬಾಲ್ಯದಿಂದ ನಾಲಿಗೆಗೆ ಅಂಟಿದ ಮಾತನ್ನೇ ಹೇಳುತ್ತಾಳೆ: ‘ಬರ್ತೀನಿ.’