ಬಂಗು ಮತ್ತೆ ಮೂಡಿತು, ಸಾಲ ಮಾಡಿ ಲೇಸರ್ ಮಾಡಿಸಲೇ?

ಪ್ರಶ್ನೆ: ನನಗೆ 37 ವರ್ಷ. ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮದು ಅಡಿಕೆ ತೋಟದ ಮನೆ. ಎರಡನೇ ಹೆರಿಗೆಯ ನಂತರ ಎರಡೂ ಕೆನ್ನೆಗೆ ಬಂಗು, ಅಂದರೆ ಕಂದು ಕಲೆ, ಬಂತು. ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಒಂದು ಕ್ಲಿನಿಕ್‌ನಲ್ಲಿ ನಾಲ್ಕು ಸಲ ಪೀಲಿಂಗ್ (ಔಷಧಿ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು) ಮಾಡಿಸಿದೆ. ದಸರೆಯ ಹೊತ್ತಿಗೆ ಮುಖ ತಿಳಿಯಾಗಿತ್ತು, ಸಂಕ್ರಾಂತಿಗೆ ಮತ್ತೆ ಮೊದಲಿನಂತೆಯೇ ಆಯಿತು. ಆರು ಸಲ ಲೇಸರ್ ಮಾಡಿಸಿದರೆ ಮತ್ತೆ ಬರುವುದೇ ಇಲ್ಲವೆಂದು ಅಲ್ಲಿ ಹೇಳುತ್ತಿದ್ದಾರೆ, 45 ಸಾವಿರ ರೂಪಾಯಿ. ವೈಶಾಖದಲ್ಲಿ ನಾದಿನಿಯ ಮದುವೆ. ಯಜಮಾನರಿಗೆ ತಿಳಿಸದೆ ಸ್ವಸಹಾಯ ಸಂಘದಲ್ಲಿ ಸಾಲ ತೆಗೆಯೋಣ ಅನ್ನಿಸುತ್ತಿದೆ. ‘ಎರಡು ಮಕ್ಕಳ ತಾಯಿಗೆ ಈಗ ಎಂಥ ಚಂದ’ ಎನ್ನುತ್ತಾರೆ ಅತ್ತೆ. ಅಕ್ಕನ ಮಗಳು ಮೊಡವೆಯ ಗುಳಿಗಳಿಗೆ ಮಾಡಿಸಿದ ಲೇಸರ್ ಮೂರು ವರ್ಷವಾದರೂ ಹಾಗೇ ನಿಂತಿದೆ. ನನ್ನದೇಕೆ ನಿಲ್ಲಲಿಲ್ಲ? ಗರ್ಭನಿರೋಧಕ ಮಾತ್ರೆ ಬಿಟ್ಟರೆ ಬೇರೆ ಯಾವ ಔಷಧಿಯನ್ನೂ ನಾನು ತೆಗೆದುಕೊಳ್ಳುತ್ತಿಲ್ಲ.

ಉತ್ತರ: ಪ್ರಿಯ ಸೋದರಿ, ಆ ಸಾಲ ತೆಗೆಯಬೇಡಿ. ಮುಖದ ಬಗ್ಗೆ ನಿಮಗಿರುವ ಆಸೆ ತಪ್ಪೆಂದು ಈ ಮಾತು ಹೇಳುತ್ತಿಲ್ಲ. ಬಂಗು ಮತ್ತೆ ಬರುವುದೇ ಇಲ್ಲವೆಂಬ ಭರವಸೆಯನ್ನು ಯಾವ ಲೇಸರ್ ಕೂಡ ಉಳಿಸಿಕೊಡಲಾರದು, ಹಾಗಿರುವಾಗ ಅದನ್ನು ನಂಬಿ ನೀವು ಕಂತು ಕಟ್ಟುವಂತಾಗಬಾರದು ಎಂಬುದಷ್ಟೇ ನನ್ನ ಕಾಳಜಿ.

ನಿಮ್ಮ ಅಕ್ಕನ ಮಗಳ ಮುಖವನ್ನೂ ನಿಮ್ಮ ಮುಖವನ್ನೂ ಹೋಲಿಸಿಕೊಂಡು ನೀವು ನೊಂದಿದ್ದೀರಿ, ಆದರೆ ಆ ಎರಡು ತೊಂದರೆಗಳ ಜಾತಿಯೇ ಬೇರೆ. ಮೊಡವೆಯಿಂದಾದ ಗುಳಿಯ ಮೇಲೆ ಲೇಸರ್ ಬಿದ್ದಾಗ ಚರ್ಮದ ಒಳಪದರದಲ್ಲಿ ಸಣ್ಣ ಗಾಯಗಳಾಗಿ, ಅವು ಮಾಯುವಾಗ ಚರ್ಮಕ್ಕೆ ಆಧಾರವಾದ ಕೊಲಾಜನ್ ಎಂಬ ನಾರು ಹೊಸದಾಗಿ ಹುಟ್ಟಿ, ಕೆಲವು ತಿಂಗಳುಗಳಲ್ಲಿ ಗುಳಿ ಮೇಲೇಳುತ್ತದೆ. ಚರ್ಮದ ರಚನೆಯೇ ಬದಲಾಗಿರುವುದರಿಂದ, ಹೊಸ ಮೊಡವೆ ಎದ್ದು ಹೊಸ ಗುಳಿ ಬೀಳದಿದ್ದರೆ ಆ ಫಲ ವರ್ಷಗಟ್ಟಲೆ ಉಳಿಯುತ್ತದೆ. ಸುಕ್ಕಿಗೆ ಕೊಡುವ ಬೊಟಾಕ್ಸ್ ಚುಚ್ಚುಮದ್ದು ಹಾಗಲ್ಲ, ಅದು ತಡೆಹಿಡಿದ ನರದ ಸಂದೇಶ ಮರಳುತ್ತಿದ್ದಂತೆ, ಸಾಮಾನ್ಯವಾಗಿ 3ರಿಂದ 4 ತಿಂಗಳಲ್ಲಿ, ಸುಕ್ಕೂ ಮರಳುತ್ತದೆ. ಬಂಗಿನಲ್ಲಿ ಪೀಲಿಂಗ್ ಕರಗಿಸುವುದು ಚರ್ಮದ ಮೇಲ್ಪದರದಲ್ಲಿ ಆಗಲೇ ಶೇಖರವಾಗಿರುವ ಬಣ್ಣವನ್ನು ಮಾತ್ರ. ಬಣ್ಣ ತಯಾರಿಸುವ ಜೀವಕೋಶಗಳು ಕೆರಳಿದ ಸ್ಥಿತಿಯಲ್ಲಿ ಅಲ್ಲಿಯೇ ಇರುತ್ತವೆ. ತೋಟದಲ್ಲಿ ಕಳೆ ಸವರಿದಂತೆ ಅದು, ಬೇರು ನೆಲದಲ್ಲೇ ಉಳಿದಿರುತ್ತದೆ. ಆದ್ದರಿಂದ ಬಂಗನ್ನು ಹತೋಟಿಯಲ್ಲಿಡುವ ಮಾತನ್ನು ಆಡಬಹುದೇ ಹೊರತು ಶಾಶ್ವತವಾಗಿ ತೆಗೆದುಹಾಕುವ ಮಾತನ್ನು ಆಡಲಾಗದು.

ಈಗ ನಿಮ್ಮ ವರ್ಷವನ್ನೇ ಒಮ್ಮೆ ನೋಡಿ. ಚಿಕಿತ್ಸೆ ಪಡೆದದ್ದು ಸೂರ್ಯನ ಮುಖವೇ ಅಪರೂಪವಾಗುವ ಮಳೆಗಾಲದಲ್ಲಿ. ದಸರೆ ಕಳೆಯುತ್ತಲೇ ಅಡಿಕೆ ಗೊನೆಯ ಕೊಯ್ಲು ಬಂತು. ಸುಲಿದ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತವರು ಯಾರು, ಬೇಯಿಸಿದ್ದನ್ನು ಚಪ್ಪರದ ಮೇಲೆ ಹರವಿ ಬಿಸಿಲೇರಿದ ಮೇಲೆ ಕೈಯಾಡಿಸಿದವರು ಯಾರು, ಸಂಜೆ ಒಟ್ಟುಮಾಡಿದವರು ಯಾರು? ನಮ್ಮ ಮಲೆನಾಡಿನ ಮನೆಗಳಲ್ಲಿ ಈ ಕೆಲಸದ ದೊಡ್ಡ ಪಾಲು ಹೆಂಗಸರದೇ. ಬಂಗನ್ನು ಹೆಚ್ಚಿಸುವುದರಲ್ಲಿ ಬಿಸಿಲೇ ಮೊದಲು, ಒಲೆಯ ಕಾವೂ ಅದನ್ನು ಕೆದಕಬಲ್ಲದು. ಸಂಕ್ರಾಂತಿಗೆ ಕಲೆ ಮರಳಿದ್ದರಲ್ಲಿ ನಿಮ್ಮ ಚರ್ಮದ ದೋಷವೇನೂ ಇಲ್ಲ. ಕೊಯ್ಲಿನ ಕಾಲಕ್ಕೆ ಮುಖವನ್ನು ಹೇಗೆ ಕಾಯ್ದುಕೊಳ್ಳಬೇಕೆಂದು ನಿಮಗೆ ಯಾರೂ ಸರಿಯಾಗಿ ಹೇಳಿಕೊಡಲಿಲ್ಲವಲ್ಲ ಎಂಬುದೇ ನನ್ನ ಬೇಸರ.

ಪತ್ರದ ಕೊನೆಯ ಸಾಲಿನಲ್ಲಿ, ಮುಖ್ಯವಲ್ಲವೆಂಬಂತೆ, ನೀವು ಬರೆದ ಗರ್ಭನಿರೋಧಕ ಮಾತ್ರೆಯ ವಿಷಯ ನನಗೆ ಬಹಳ ಮುಖ್ಯವಾಗಿ ಕಂಡಿತು. ಬಸುರಿನಲ್ಲಿ ಬಂಗು ಬರಲು ಹಾರ್ಮೋನುಗಳ ಏರಿಕೆಯೂ ಒಂದು ಕಾರಣ, ಹಾರ್ಮೋನಿರುವ ಮಾತ್ರೆಯೂ ಅದನ್ನು ಹುಟ್ಟಿಸಬಲ್ಲದು, ಇದ್ದದ್ದನ್ನು ಉಳಿಸಬಲ್ಲದು. ಇನ್ನೊಂದು ಮಾತು, ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಬಂಗಿಗೆ ಕೆಲವು ವೈದ್ಯರು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಗುಳಿಗೆ ಬರೆಯುತ್ತಾರೆ. ಹಾರ್ಮೋನಿನ ಗರ್ಭನಿರೋಧಕದ ಜೊತೆಗೆ ಅದನ್ನು ನುಂಗಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಕಾಪರ್-ಟಿಯಂಥ ಹಾರ್ಮೋನಿಲ್ಲದ ವಿಧಾನ ನಿಮಗೆ ಹೊಂದುತ್ತದೆಯೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಿ, ಚರ್ಮದ ವೈದ್ಯರ ಮುಂದೆ ಕುಳಿತಾಗ ಮಾತ್ರೆಯ ವಿಷಯವನ್ನು ಮೊದಲೇ ಹೇಳಿ.

ಲೇಸರ್ ಬಗ್ಗೆ ನನ್ನ ಹಿಂಜರಿಕೆಗೆ ಹಣವೊಂದೇ ಕಾರಣವಲ್ಲ. ನಮ್ಮಂಥ ಗೋಧಿಬಣ್ಣದ, ಎಣ್ಣೆಗಪ್ಪಿನ ಚರ್ಮಕ್ಕೆ ಅದರ ಶಾಖ ತಗುಲಿದಾಗ ಬಂಗು ಇನ್ನಷ್ಟು ಗಾಢವಾಗುವುದುಂಟು. ಅದಕ್ಕೇ ಬಂಗಿಗೆ ಲೇಸರನ್ನು ಮೊದಲ ಚಿಕಿತ್ಸೆಯಾಗಿ ಆರಿಸಿಕೊಳ್ಳುವುದಿಲ್ಲ. ಮದುವೆ ಹತ್ತಿರವಿರುವಾಗ ಹೊಸ ಲೇಸರ್ ಆಗಲಿ, ಬಲವಾದ ಪೀಲಿಂಗ್ ಆಗಲಿ ಬೇಡವೇ ಬೇಡ. ಧಾರೆಯ ದಿನಕ್ಕೆ ಕಲೆ ಮರೆಮಾಡುವ ಒಳ್ಳೆಯ ಕನ್ಸೀಲರ್ ಸಾಕು.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಟ್ಯೂಬುಗಳಿಂದಲೂ ದೂರವಿರಿ. ವಾರದೊಳಗೆ ಮುಖ ಬೆಳ್ಳಗೆ ಮಾಡುವ ಇಂಥ ಕ್ರೀಮುಗಳಲ್ಲಿ ಅನೇಕ ಸಲ ಪ್ರಬಲವಾದ ಸ್ಟೆರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿ, ಬಿಟ್ಟ ಕೂಡಲೇ ಮುಖ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೆರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿದ್ದು ಇದಕ್ಕಾಗಿಯೇ. ವೈದ್ಯರು ಬಂಗಿಗೆ ಬರೆಯುವ ಮೂರು ಔಷಧಿ ಬೆರೆತ ಕ್ರೀಮಿನಲ್ಲಿಯೂ ಸ್ವಲ್ಪ ಸ್ಟೆರಾಯ್ಡ್ ಇದೆ, ಆದರೆ ಅದನ್ನು ಅವರ ನಿಗಾದಲ್ಲಿ 8ರಿಂದ 12 ವಾರ ಮಾತ್ರ ಬಳಸುವುದು ವಾಡಿಕೆ.

ನಿಮ್ಮ ಹಣ ನಿಜವಾಗಿ ಹೋಗಬೇಕಾದದ್ದು ಸನ್‌ಸ್ಕ್ರೀನಿಗೆ. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿನದನ್ನು, ಸಾಧ್ಯವಾದರೆ ಐರನ್ ಆಕ್ಸೈಡ್ ಬೆರೆತ ಮೈಬಣ್ಣದ ಬಗೆಯದನ್ನು ತೆಗೆದುಕೊಳ್ಳಿ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಹೆಚ್ಚಿಸುತ್ತದೆ ಮತ್ತು ಅದನ್ನು ಬಿಳಿ ಸನ್‌ಸ್ಕ್ರೀನ್ ಚೆನ್ನಾಗಿ ತಡೆಯುವುದಿಲ್ಲ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಗೆರೆಯೆಳೆದಷ್ಟು ಕ್ರೀಮು ಮುಖಕ್ಕೂ ಕುತ್ತಿಗೆಗೂ ಬೇಕು. ಅಂಗಳದಲ್ಲಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮೋಡ ಕವಿದ ದಿನವೂ ಬಿಡಬೇಡಿ. ಚಪ್ಪರದ ಕೆಲಸಕ್ಕೆ ಅಗಲ ಅಂಚಿನ ಟೊಪ್ಪಿಯಿರಲಿ, ಅಡಿಕೆ ಹರವುವ ಕೆಲಸ ಬೆಳಗಿನ ಎಳೆಬಿಸಿಲಿನಲ್ಲಿ ಮುಗಿಯಲಿ.

ಇಷ್ಟಾಗಬೇಕೆಂದರೆ ಮನೆಯವರಿಗೆ ವಿಷಯ ತಿಳಿಯಲೇಬೇಕು. ನಡುಮಧ್ಯಾಹ್ನ ಚಪ್ಪರದ ಮೇಲೆ ಕೈಯಾಡಿಸುವುದನ್ನೂ ಹಂಡೆಯ ಮುಂದೆ ನಿಲ್ಲುವುದನ್ನೂ ಬೇರೆಯವರು ಹಂಚಿಕೊಳ್ಳಬೇಕಾದರೆ ಯಜಮಾನರ ಒಪ್ಪಿಗೆ ಬೇಕಲ್ಲವೇ? ಕದ್ದು ಸಾಲ ಮಾಡಿದರೆ ಈ ಮಾತನ್ನು ಅವರ ಬಳಿ ಎತ್ತುವುದೇ ಕಷ್ಟವಾಗುತ್ತದೆ. ಬಿಡುವಾದ ಒಂದು ಸಂಜೆ ಅವರನ್ನು ಕೂರಿಸಿಕೊಂಡು, ಕ್ಲಿನಿಕ್‌ಗೆ ಕೊಟ್ಟ ಹಣವನ್ನೂ ಕನ್ನಡಿ ನೋಡಿದಾಗ ಆಗುವ ಸಂಕಟವನ್ನೂ ಬಿಚ್ಚಿ ಹೇಳಿ. ಅತ್ತೆಯವರ ಮಾತು ನಿಮ್ಮನ್ನು ಚುಚ್ಚಿದೆಯೆಂದು ಬಲ್ಲೆ. ತಾಯಿಯಾದ ಹೆಣ್ಣಿಗೆ ತನ್ನ ಮುಖ ತನಗೆ ಹಿತವಾಗಿ ಕಾಣಬೇಕೆಂಬ ಆಸೆ ಇರಬಾರದೆಂಬುದನ್ನು ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ.

ಮುಂದಿನ ವಾರ ಶಿವಮೊಗ್ಗಕ್ಕೆ ಬಂದಾಗ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೂ ಗರ್ಭನಿರೋಧಕ ಮಾತ್ರೆಯ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಸಾಧ್ಯವಾದರೆ ಯಜಮಾನರೂ ಜೊತೆಗೆ ಬರಲಿ.